ಹಿಂಬದಿ ದೀಪಕ್ಕೆ ಕಪ್ಪು ಹಚ್ಚಬಹುದೇ? ಓದುಗರ ಪ್ರಶ್ನೆಗಳಿಗೆ ಉತ್ತರ

ಕಾರಿನ ಹಿಂಬದಿ ದೀಪಗಳಿಗೆ ಕಡಿಮೆ ಖರ್ಚಿನಲ್ಲಿ, ಮನೆಯಲ್ಲೇ ಹೊಗೆಬಣ್ಣ ಹಚ್ಚಿಕೊಳ್ಳುವುದು ಹೇಗೆ ಎಂದು ಕೇಳಿ ಹಲವು ಓದುಗರು ಬರೆದಿದ್ದಾರೆ. ಒಂದೇ ವಿಷಯದ ಬೇರೆ ಬೇರೆ ಮಗ್ಗುಲುಗಳನ್ನು ಮುಟ್ಟುವ ಪ್ರಶ್ನೆಗಳಾದ್ದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ತಂದೆಯವರು ಓಡಿಸುತ್ತಿದ್ದ ಹಳೆಯ ಸ್ವಿಫ್ಟ್ ಕಾರು ಈಗ ನನ್ನ ಕೈಗೆ ಬಂದಿದೆ. ಅದರ ಹಿಂಬದಿ ದೀಪಗಳಿಗೆ ಸ್ಮೋಕ್ ಲುಕ್ ಕೊಡಬೇಕೆಂಬ ಆಸೆಯಿದೆ. ಅಂಗಡಿಯವರು ಹೇಳಿದ ದರ ನನಗೆ ಹೆಚ್ಚಾಯಿತು. ಸ್ಟಿಕ್ಕರ್ ಫಿಲ್ಮ್ ಒಳ್ಳೆಯದೋ, ಸ್ಪ್ರೇ ಒಳ್ಳೆಯದೋ? ಮನೆಯಲ್ಲೇ ಮಾಡಿಕೊಳ್ಳುವ ಕ್ರಮವನ್ನು ತಿಳಿಸಿಕೊಡಿ ಸರ್.
– ಇಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಹಳೆಯ ಕಾರನ್ನು ಅಕ್ಕರೆಯಿಂದ ನೋಡಿಕೊಳ್ಳಬೇಕು, ನಾಲ್ಕು ಜನ ತಿರುಗಿ ನೋಡುವಂತೆ ಇಟ್ಟುಕೊಳ್ಳಬೇಕು ಎಂಬ ನಿಮ್ಮ ಆಸೆ ತಪ್ಪಲ್ಲ. ಆದರೆ ರಸ್ತೆಗಿಳಿಯುವ ಕಾರಿನ ಹಿಂಬದಿ ದೀಪಕ್ಕೆ ಫಿಲ್ಮನ್ನಾಗಲಿ ಸ್ಪ್ರೇಯನ್ನಾಗಲಿ ಹಚ್ಚಬೇಡಿ ಎಂದೇ ನಾನು ಹೇಳಬೇಕಾಗಿದೆ. ಕಾರಣಗಳನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ಈ ಕೆಲಸವನ್ನು ಮಾಡುವವರಲ್ಲಿ ಬಹುತೇಕರು ಒಮ್ಮೆ ಬ್ರೇಕ್ ಒತ್ತಿಸಿ ನೋಡಿ, 'ದೀಪ ಚೆನ್ನಾಗಿಯೇ ಕಾಣುತ್ತಿದೆಯಲ್ಲ' ಎಂದು ಸಮಾಧಾನ ಪಟ್ಟುಕೊಂಡಿರುತ್ತಾರೆ, ಮತ್ತು ಆ ಸಮಾಧಾನವೇ ಅವರನ್ನು ದಾರಿ ತಪ್ಪಿಸಿರುತ್ತದೆ.

ನಮ್ಮ ಕಣ್ಣು ಬೆಳಕನ್ನು ಅಳೆಯುವ ಸಾಧನವಲ್ಲ. ಬೆಳಕು ಅರ್ಧಕ್ಕೆ ಇಳಿದರೂ ಕಣ್ಣಿಗೆ ಅದು ಅರ್ಧವಾದಂತೆ ತೋರುವುದಿಲ್ಲ, ಸ್ವಲ್ಪ ಮಂಕಾದಂತೆ ಮಾತ್ರ ತೋರುತ್ತದೆ. ಸಂಜೆಯ ಹೊತ್ತಿನಲ್ಲಿ ಮನೆಯ ಮುಂದೆ, ಹತ್ತಡಿ ದೂರದಲ್ಲಿ, ದೀಪವನ್ನೇ ದಿಟ್ಟಿಸುತ್ತ ನಿಂತವರಿಗೆ ಕೊರತೆ ಗೊತ್ತಾಗುವುದೇ ಇಲ್ಲ. ಆದರೆ ನಿಮ್ಮ ಹಿಂದೆ ಬರುವ ಚಾಲಕ ನಿಮ್ಮ ದೀಪವನ್ನು ದಿಟ್ಟಿಸುತ್ತಿರುವುದಿಲ್ಲ. ಅವನ ಗಮನ ಕನ್ನಡಿಯ ಮೇಲೆ, ಪಕ್ಕದ ಬೈಕಿನ ಮೇಲೆ, ದಾಟಲು ನಿಂತ ಜನರ ಮೇಲೆ ಹಂಚಿಹೋಗಿರುತ್ತದೆ. ಅಂಥವನ ಗಮನವನ್ನು ಕಣ್ಣಂಚಿನಿಂದಲೇ ಸೆಳೆಯುವುದು ಬ್ರೇಕ್ ದೀಪದ ಕೆಲಸ. 80 ಕಿ.ಮೀ. ವೇಗದಲ್ಲಿ ವಾಹನವೊಂದು ಸೆಕೆಂಡಿಗೆ ಸುಮಾರು 22 ಮೀಟರ್ ಸಾಗುತ್ತದೆ. ನಿಮ್ಮ ಬ್ರೇಕ್ ದೀಪ ಹೊತ್ತಿದ್ದು ಅವನಿಗೆ ಅರ್ಧ ಸೆಕೆಂಡ್ ತಡವಾಗಿ ಅರಿವಾದರೂ ಅಷ್ಟರಲ್ಲಿ ಅವನು ಬ್ರೇಕ್ ಒತ್ತದೆಯೇ 11 ಮೀಟರ್ ಸಾಗಿ ಬಂದಿರುತ್ತಾನೆ.

ರಾತ್ರಿಯಲ್ಲಿ ಮಾತ್ರ ತೊಂದರೆ ಎಂದು ಭಾವಿಸುವವರಿದ್ದಾರೆ. ಬ್ರೇಕ್ ದೀಪ ಮತ್ತು ಇಂಡಿಕೇಟರ್‌ಗಳ ಮಟ್ಟಿಗೆ ನಿಜವಾದ ಪರೀಕ್ಷೆ ನಡೆಯುವುದು ಹಗಲಿನಲ್ಲಿ. ಸುತ್ತಲೂ ಬಿಸಿಲು ಸುರಿಯುತ್ತಿರುವಾಗ ಆ ದೀಪಗಳು ಸೂರ್ಯನ ಬೆಳಕಿನೊಡನೆ ಸ್ಪರ್ಧಿಸಿ ಕಾಣಿಸಿಕೊಳ್ಳಬೇಕು. ಟೈಲ್ ಲ್ಯಾಂಪ್ ಎಂದು ನಾವು ಕರೆಯುವ, ರಾತ್ರಿ ಸದಾ ಉರಿಯುವ ಕೆಂಪು ದೀಪಕ್ಕೆ ಕತ್ತಲೆಯ ನೆರವಿದೆ. ಅದಕ್ಕಾಗಿಯೇ ಅಂತರರಾಷ್ಟ್ರೀಯ ಮಾನದಂಡದಲ್ಲಿ ಆ ದೀಪಕ್ಕೆ ನೇರ ದಿಕ್ಕಿನಲ್ಲಿ ಕನಿಷ್ಠ 4 ಕ್ಯಾಂಡೆಲಾ (ಬೆಳಕಿನ ತೀವ್ರತೆಯ ಅಳತೆ) ಸಾಕೆಂದು ಹೇಳಿ, ಬ್ರೇಕ್ ದೀಪಕ್ಕೆ ಕನಿಷ್ಠ 60 ಕ್ಯಾಂಡೆಲಾ ಇರಬೇಕೆಂದು ಗೊತ್ತುಪಡಿಸಿದ್ದಾರೆ. ಅರ್ಧದಷ್ಟು ಬೆಳಕನ್ನು ತಡೆಯುವ ಫಿಲ್ಮ್ ಹಚ್ಚಿದರೆ, ಕನಿಷ್ಠ ಮಟ್ಟಕ್ಕಿಂತ ತುಸು ಮೇಲಿರುವಂತೆ ತಯಾರಾದ ದೀಪ ಒಂದೇ ಏಟಿಗೆ ಆ ಮಟ್ಟಕ್ಕಿಂತ ಕೆಳಗಿಳಿಯುತ್ತದೆ. ಸ್ಪ್ರೇಯಲ್ಲಂತೂ ಪ್ರತಿಯೊಂದು ಪದರವೂ ಉಳಿದ ಬೆಳಕಿನಲ್ಲಿ ಮತ್ತೊಂದು ಪಾಲನ್ನು ಕಸಿಯುತ್ತದೆ, ಮತ್ತು ಎಡ ದೀಪಕ್ಕೂ ಬಲ ದೀಪಕ್ಕೂ ಸಮನಾಗಿ ಬೀಳುವಂತೆ ಕೈಯಲ್ಲಿ ಹೊಡೆಯುವುದು ಅನುಭವಸ್ಥ ಪೇಂಟರ್‌ಗಳಿಗೂ ಸುಲಭವಲ್ಲ.

ಇದಕ್ಕಿಂತ ದೊಡ್ಡದೊಂದು ಅಪಾಯವಿದೆ, ಅದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ನಿಮ್ಮ ಕಾರಿನ ಹಿಂಬದಿ ದೀಪದ ಯಾವುದೋ ಒಂದು ಮೂಲೆಯಲ್ಲಿ, ಅಥವಾ ಕೆಳಗಿನ ಬಂಪರ್‌ನಲ್ಲಿ, ಸಣ್ಣ ಸಣ್ಣ ಮುಖಗಳಿರುವ ಕೆಂಪು ಭಾಗವೊಂದು ಇರುತ್ತದೆ. ಅದು ರಿಫ್ಲೆಕ್ಟರ್. ಅದಕ್ಕೆ ಬಲ್ಬೂ ಬೇಡ, ಬ್ಯಾಟರಿಯೂ ಬೇಡ. ಹಿಂದಿನಿಂದ ಬರುವ ವಾಹನದ ಹೆಡ್‌ಲೈಟ್ ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುತ್ತದೆ. ದೀಪದ ಮೇಲಿನ ಫಿಲ್ಮನ್ನು ಬಲ್ಬಿನ ಬೆಳಕು ಒಮ್ಮೆ ಮಾತ್ರ ದಾಟಿದರೆ ಸಾಕು, ಆದರೆ ರಿಫ್ಲೆಕ್ಟರ್ ಮೇಲಿನ ಫಿಲ್ಮನ್ನು ಬೆಳಕು ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಇನ್ನೊಮ್ಮೆ, ಹೀಗೆ ಎರಡು ಸಲ ದಾಟಬೇಕು. ಶೇ. 50ರಷ್ಟು ಬೆಳಕನ್ನು ಬಿಡುವ ಫಿಲ್ಮ್ ಇದ್ದರೆ ರಿಫ್ಲೆಕ್ಟರ್‌ನಿಂದ ಶೇ. 25 ಮಾತ್ರ ಮರಳುತ್ತದೆ, ಶೇ. 35ರಷ್ಟು ಬಿಡುವ ಫಿಲ್ಮ್ ಆದರೆ ಉಳಿಯುವುದು ಶೇ. 12ರ ಆಸುಪಾಸು, ಅಂದರೆ ಎಂಟರಲ್ಲೊಂದು ಪಾಲು. ಬ್ಯಾಟರಿ ಸತ್ತು ಚಾರ್ಮಾಡಿ ಘಾಟಿಯ ತಿರುವಿನಲ್ಲೋ ಹೆದ್ದಾರಿಯ ಅಂಚಿನಲ್ಲೋ ಮಧ್ಯರಾತ್ರಿ ನಿಂತ ಕಾರಿಗೆ ಆ ರಿಫ್ಲೆಕ್ಟರೇ ದೊಡ್ಡ ರಕ್ಷಣೆ. ಕಬ್ಬಿನ ಹಂಗಾಮಿನಲ್ಲಿ ದೀಪವಿಲ್ಲದ ಟ್ರೇಲರ್‌ಗಳ ಹಿಂದೆ ಮಂಡ್ಯದ ಕಡೆಯೋ ಬೆಳಗಾವಿಯ ಕಡೆಯೋ ರಾತ್ರಿ ಗಾಡಿ ಓಡಿಸಿದವರಿಗೆ, ಒಂದು ಅಂಗೈಯಗಲದ ಕೆಂಪು ಹೊಳಪು ಎಷ್ಟು ಮುಖ್ಯವೆಂದು ನಾನು ಹೇಳಬೇಕಿಲ್ಲ. ಆ ಟ್ರೇಲರ್‌ಗಳಿಗೆ ಕೆಂಪು ಪ್ರತಿಫಲನ ಪಟ್ಟಿ ಅಂಟಿಸಿ ಎಂದು ನಾವೇ ಒತ್ತಾಯಿಸುತ್ತಿರುವಾಗ, ಸುಸ್ಥಿತಿಯಲ್ಲಿರುವ ಕಾರಿನ ರಿಫ್ಲೆಕ್ಟರನ್ನು ಕೈಯಾರೆ ಮುಚ್ಚುವುದು ನನಗೆ ಬಹಳ ನೋವಿನ ಸಂಗತಿಯಾಗಿ ಕಾಣುತ್ತದೆ.

ಕಾನೂನಿನ ವಿಚಾರಕ್ಕೆ ಬಂದರೆ, 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 105ನೇ ನಿಯಮದಂತೆ ಹಿಂಬದಿಯ ಕೆಂಪು ದೀಪ 155 ಮೀಟರ್ ದೂರದಿಂದ ಕಾಣುವಂತಿರಬೇಕು. 104ನೇ ನಿಯಮ ರಿಫ್ಲೆಕ್ಟರ್‌ಗಳನ್ನೂ, 102ನೇ ನಿಯಮ ಇಂಡಿಕೇಟರ್ ಮತ್ತು ಬ್ರೇಕ್ ದೀಪಗಳನ್ನೂ ಕಡ್ಡಾಯ ಮಾಡುತ್ತವೆ. ತಯಾರಕರು ಗೊತ್ತುಪಡಿಸಿದ ಸ್ವರೂಪಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಅದೇ ವರ್ಷದ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ ಸೇರಿದ 182ಎ ಕಲಮಿನ ಪ್ರಕಾರ, ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶವಿದೆ. ಹಿಂದಿನಿಂದ ಬಂದು ಗುದ್ದಿದವರದೇ ತಪ್ಪು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಆದರೆ ನಿಮ್ಮ ದೀಪವೇ ಕಪ್ಪಾಗಿತ್ತು ಎಂದು ಎದುರಿನವರು ಫೋಟೊ ತೋರಿಸಿದರೆ ಆ ವಾದದ ಬಲ ಕುಂದುತ್ತದೆ, ವಿಮಾ ಕಂಪನಿಗೂ ಪ್ರಶ್ನೆ ಎತ್ತಲು ಒಂದು ಎಡೆ ಸಿಗುತ್ತದೆ.

ಫಿಲ್ಮೋ ಸ್ಪ್ರೇಯೋ ಎಂಬ ನಿಮ್ಮ ಪ್ರಶ್ನೆಗೂ ಉತ್ತರಿಸುತ್ತೇನೆ. ರಸ್ತೆಗೆ ಹೋಗದ, ಕಾಲೇಜಿನ ಪ್ರದರ್ಶನದಲ್ಲಿ ನಿಲ್ಲಿಸಲು ಮಾತ್ರ ಬೇಕಾದ ಕಾರಾಗಿದ್ದರೆ ಫಿಲ್ಮನ್ನೇ ಆರಿಸಿಕೊಳ್ಳಿ. ಅದನ್ನು ಅದೇ ಸಂಜೆ ಕಿತ್ತು ಹಾಕಬಹುದು. ಸ್ಪ್ರೇ ಹಿಡಿಯಬೇಕಾದರೆ ದೀಪದ ನುಣುಪಾದ ಮೈಯನ್ನು ವಾಟರ್ ಪೇಪರ್‌ನಿಂದ (ನೀರು ಹಾಕಿ ಉಜ್ಜುವ ಮರಳು ಕಾಗದ) ಮೊದಲು ಉಜ್ಜಿ ಒರಟು ಮಾಡಬೇಕು, ಕೊನೆಗೆ ಮೇಲೊಂದು ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಲೇಪ, ಹೊಡೆಯಬೇಕು. ಬೇಡವೆನಿಸಿದ ದಿನ ಅದನ್ನು ತೆಗೆಯುವ ಶ್ರಮ ಎಷ್ಟೆಂಬುದನ್ನು ಮುಂದೆ ಹುಬ್ಬಳ್ಳಿಯ ಓದುಗರಿಗೆ ಬರೆದ ಉತ್ತರದಲ್ಲಿ ನೋಡಿ.

ಪ್ರಶ್ನೆ: ಈಗ ಶೋರೂಮಿನಿಂದಲೇ ಕಪ್ಪು ಛಾಯೆಯ ಹಿಂಬದಿ ದೀಪವಿರುವ ಕಾರುಗಳು ಬರುತ್ತಿವೆ. ಕಂಪನಿ ಮಾಡಿದರೆ ಸರಿ, ನಾವು ಮಾಡಿದರೆ ತಪ್ಪು ಎನ್ನುವುದು ಯಾವ ನ್ಯಾಯ?
– ಓದುಗರು, ಹಾಸನ

ಉತ್ತರ: ನಿಮ್ಮ ಪ್ರಶ್ನೆ ನ್ಯಾಯವಾಗಿಯೇ ಇದೆ. ವ್ಯತ್ಯಾಸ ಇರುವುದು ಬಣ್ಣದಲ್ಲಲ್ಲ, ಲೆಕ್ಕಾಚಾರದಲ್ಲಿ. ಅಂಥ ದೀಪವನ್ನು ರೂಪಿಸುವವರು ಹೊರಗಿನ ಹೊದಿಕೆ ಇಂತಿಷ್ಟು ಬೆಳಕನ್ನು ನುಂಗುತ್ತದೆ ಎಂಬುದನ್ನು ಮೊದಲೇ ಅಳೆದು, ಆ ನಷ್ಟವನ್ನು ತುಂಬಿಕೊಡುವಷ್ಟು ಪ್ರಬಲವಾದ ಎಲ್‌ಇಡಿಗಳನ್ನು ಒಳಗೆ ಜೋಡಿಸಿರುತ್ತಾರೆ. ಆ ಬಳಿಕ ಇಡೀ ದೀಪವನ್ನು ಪ್ರಯೋಗಾಲಯದಲ್ಲಿ ನೇರ ದಿಕ್ಕಿನಿಂದ ಮಾತ್ರವಲ್ಲ, ಎಡಬಲ ಮತ್ತು ಮೇಲೆ ಕೆಳಗಿನ ಹಲವು ಕೋನಗಳಿಂದ ಅಳೆಯುತ್ತಾರೆ. ಎಲ್ಲ ಕೋನಗಳಲ್ಲೂ ಕನಿಷ್ಠ ಮಟ್ಟ ಮುಟ್ಟಿದ ಮೇಲಷ್ಟೇ ಅದಕ್ಕೆ ಒಪ್ಪಿಗೆ ಸಿಗುತ್ತದೆ. ನಿಮ್ಮ ಕಾರಿನ ದೀಪವೂ ಹಾಗೆಯೇ ಒಪ್ಪಿಗೆ ಪಡೆದು ಬಂದದ್ದು, ಆದರೆ ಅದು ಮೇಲೆ ಏನೂ ಇಲ್ಲದ ಸ್ಥಿತಿಯಲ್ಲಿ ಪಡೆದ ಒಪ್ಪಿಗೆ.

ಕಪ್ಪು ಛಾಯೆಯ ದೀಪವಿರುವ ಹೊಸ ಕಾರೊಂದರ ಹಿಂದೆ ಒಮ್ಮೆ ನಿಂತು ನೋಡಿ. ಅದರ ಬಂಪರ್‌ನ ಎರಡೂ ತುದಿಗಳಲ್ಲಿ ಅಚ್ಚ ಕೆಂಪಿನ ರಿಫ್ಲೆಕ್ಟರ್‌ಗಳು ಬೇರೆಯಾಗಿ ಕಾಣುವ ಸಾಧ್ಯತೆ ಹೆಚ್ಚು. ದೀಪಕ್ಕೆ ಎಷ್ಟೇ ಕಪ್ಪು ಛಾಯೆ ಕೊಟ್ಟ ವಿನ್ಯಾಸಕಾರನೂ ರಿಫ್ಲೆಕ್ಟರನ್ನು ಮುಟ್ಟುವುದಿಲ್ಲ.

ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ನಿಮ್ಮ ಮಾದರಿಗೆ ಹೊಂದುವ ಹೊಗೆಬಣ್ಣದ ಇಡೀ ದೀಪಗಳೇ ಸಿಗುತ್ತವೆ ಎಂದೂ ಬರೆದಿದ್ದೀರಿ. ಕೊಳ್ಳುವ ಮೊದಲು ದೀಪದ ಮೈಮೇಲಿನ ಅಚ್ಚನ್ನು ಓದಿ. ಮಾನದಂಡಕ್ಕೆ ಒಳಪಟ್ಟ ಹಲವು ದೀಪಗಳ ಮೇಲೆ ವೃತ್ತದೊಳಗೆ ಇಂಗ್ಲಿಷಿನ ಇ ಅಕ್ಷರ, ಅದರ ಪಕ್ಕದಲ್ಲೊಂದು ಅಂಕಿ ಇರುತ್ತದೆ. ಸುತ್ತಮುತ್ತ ಇನ್ನೂ ಕೆಲವು ಗುರುತುಗಳಿರುತ್ತವೆ: ಆರ್ ಎಂದರೆ ಹಿಂಬದಿಯ ಕೆಂಪು ದೀಪ, ಎಸ್1 ಎಂದರೆ ಬ್ರೇಕ್ ದೀಪ, 2ಎ ಎಂದರೆ ಇಂಡಿಕೇಟರ್, ಎಆರ್ ಎಂದರೆ ರಿವರ್ಸ್ ದೀಪ, ಐಎ ಎಂದರೆ ರಿಫ್ಲೆಕ್ಟರ್. ಹಳೆಯ ದೀಪದಲ್ಲಿ ಐಎ ಗುರುತಿದ್ದು ಹೊಸದರಲ್ಲಿ ಇಲ್ಲವಾದರೆ, ಆ ದೀಪವನ್ನು ಹಾಕಿದ ಕೂಡಲೇ ನಿಮ್ಮ ಕಾರು ರಿಫ್ಲೆಕ್ಟರನ್ನು ಕಳೆದುಕೊಂಡಂತೆ. ಯಾವ ಅಚ್ಚೂ ಇಲ್ಲದ ದೀಪವನ್ನು ಎಷ್ಟೇ ಅಗ್ಗವಾಗಿ ಕೊಟ್ಟರೂ ತರಬೇಡಿ.

ಪ್ರಶ್ನೆ: ಹಿಂದಿನ ಗಾಜು ಶೇ. 70ರಷ್ಟು ಬೆಳಕು ಬಿಟ್ಟರೆ ಸಾಕೆಂದು ನಿಯಮವಿದೆ. ಹಾಗಾದರೆ ಶೇ. 70ರ ತೆಳು ಫಿಲ್ಮನ್ನು ದೀಪಕ್ಕೂ ಹಚ್ಚಬಹುದಲ್ಲವೇ?
– ಓದುಗರು, ಮೈಸೂರು

ಉತ್ತರ: ಹಚ್ಚಲಾಗದು. ನೀವು ಹೇಳುವ ಶೇ. 70 ಮತ್ತು ಪಕ್ಕದ ಗಾಜುಗಳ ಶೇ. 50ರ ಮಿತಿ ಬರುವುದು 100ನೇ ನಿಯಮದಲ್ಲಿ, ಅದು ಗಾಜಿಗೆ ಮಾತ್ರ ಸಂಬಂಧಿಸಿದ್ದು. ಗಾಜಿನ ಮೇಲೆ ಫಿಲ್ಮ್ ಅಂಟಿಸುವುದನ್ನು ಸುಪ್ರೀಂ ಕೋರ್ಟ್ 2012ರಲ್ಲಿ ನಿಷೇಧಿಸಿತು. ಅದರ ಸುತ್ತಲಿನ ವಾದಗಳು ಬೇರೆಯೇ ಇವೆ. ಗಾಜಿನ ಕೆಲಸ ನಿಮಗೆ ಹೊರಗಿನದನ್ನು ಕಾಣಿಸುವುದು, ದೀಪದ ಕೆಲಸ ನಿಮ್ಮನ್ನು ಇತರರಿಗೆ ಕಾಣಿಸುವುದು. ಒಂದರ ಮಿತಿಯನ್ನು ಇನ್ನೊಂದಕ್ಕೆ ಅನ್ವಯಿಸಲು ಬರುವುದಿಲ್ಲ. ಶೇ. 70ರ ಫಿಲ್ಮ್ ಕೂಡ ರಿಫ್ಲೆಕ್ಟರ್ ಬೆಳಕನ್ನು ಅರ್ಧಕ್ಕಿಂತ ಕೆಳಗೆ, ಶೇ. 49ಕ್ಕೆ ಇಳಿಸುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಿ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಕಾರು ಕೊಂಡೆ. ಹಿಂದಿನ ಮಾಲೀಕರು ಹಿಂಬದಿ ದೀಪಗಳಿಗೆ ಕಪ್ಪು ಸ್ಪ್ರೇ ಹೊಡೆಸಿದ್ದಾರೆ. ಕಾರಿಗೆ 15 ವರ್ಷ ತುಂಬುತ್ತಿದ್ದು ನೋಂದಣಿ ನವೀಕರಣಕ್ಕೆ ಆರ್‌ಟಿಒ ಕಚೇರಿಗೆ ಒಯ್ಯಬೇಕಾಗಿದೆ. ಹೊಸ ದೀಪಗಳನ್ನೇ ಹಾಕಿಸಬೇಕೇ, ಅಥವಾ ಸ್ಪ್ರೇಯನ್ನು ತೆಗೆಯಲು ಸಾಧ್ಯವೇ?
– ಗೃಹಿಣಿ, ಹುಬ್ಬಳ್ಳಿ

ಉತ್ತರ: ತೆಗೆಯಲು ಸಾಧ್ಯವಿದೆ, ಅಮ್ಮ. ಒಂದು ಭಾನುವಾರದ ಬೆಳಗಿನ ಹೊತ್ತು ಮತ್ತು ಸ್ವಲ್ಪ ತಾಳ್ಮೆಯಿದ್ದರೆ ಮನೆಯಲ್ಲಿಯೇ ಮಾಡಬಹುದು. ನವೀಕರಣಕ್ಕೂ ಮೊದಲೇ ಇದನ್ನು ಯೋಚಿಸಿದ್ದು ಒಳ್ಳೆಯದಾಯಿತು, ಏಕೆಂದರೆ ಆ ಸಮಯದಲ್ಲಿ ವಾಹನದ ಸುಸ್ಥಿತಿಯನ್ನು ಪರಿಶೀಲಿಸುವಾಗ ದೀಪಗಳನ್ನೂ ನೋಡುತ್ತಾರೆ.

ಮೊದಲಿಗೆ ಎಚ್ಚರಿಕೆಯ ಮಾತು. ಹಿಂಬದಿ ದೀಪದ ಹೊದಿಕೆ ಸಾಮಾನ್ಯವಾಗಿ ಅಕ್ರಿಲಿಕ್ ಎಂಬ ಪ್ಲಾಸ್ಟಿಕ್ಕಿನದು. ಥಿನ್ನರ್, ಪೆಟ್ರೋಲ್, ಸ್ಪಿರಿಟ್, ಉಗುರುಬಣ್ಣ ತೆಗೆಯುವ ದ್ರಾವಣ ಇವುಗಳಲ್ಲಿ ಯಾವುದೂ ಅದಕ್ಕೆ ತಗಲಬಾರದು. ತಗಲಿದರೆ ಬಣ್ಣ ಬೇಗ ಬಿಡಬಹುದು, ಆದರೆ ಪ್ಲಾಸ್ಟಿಕ್ಕಿನೊಳಗೆ ಕೂದಲೆಳೆಯಂಥ ಬಿರುಕುಗಳು ಮೂಡುತ್ತವೆ. ಕೆಲವೊಮ್ಮೆ ಅವು ಆ ಕ್ಷಣಕ್ಕೆ ಕಾಣದೆ, ದಿನ ಕಳೆದ ಮೇಲೆ ಕಾಣಿಸಿಕೊಳ್ಳುತ್ತವೆ. ಆ ಬಿರುಕುಗಳನ್ನು ಮತ್ತೆ ಸರಿಪಡಿಸಲು ಬರುವುದಿಲ್ಲ.

ನಿಮ್ಮ ದೀಪದ ಮೇಲಿರುವುದು ನಿಜವಾಗಿಯೂ ಸ್ಪ್ರೇಯೇ ಎಂದು ಅಂಚಿನಲ್ಲಿ ಉಗುರಿನಿಂದ ಎಬ್ಬಿ ನೋಡಿ. ಸಿಪ್ಪೆಯಂತೆ ಎದ್ದರೆ ಅದು ಫಿಲ್ಮ್; ಹೇರ್ ಡ್ರೈಯರ್‌ನಿಂದ ಹದವಾಗಿ ಬಿಸಿ ಮಾಡುತ್ತ ನಿಧಾನವಾಗಿ ಎಳೆದರೆ ಬರುತ್ತದೆ, ಉಳಿದ ಅಂಟಿನ ಮೇಲೆ ಕೊಬ್ಬರಿ ಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಟ್ಟು, ಸೋಪು ನೀರಿನಿಂದ ತೊಳೆದರೆ ಮುಗಿಯಿತು. ಸ್ಪ್ರೇ ಆಗಿದ್ದರೆ ದೀಪವನ್ನು ಕಾರಿನಿಂದ ಬಿಚ್ಚಿಕೊಳ್ಳುವುದು ಮೇಲು. ಹಲವು ಸಣ್ಣ ಕಾರುಗಳಲ್ಲಿ ಡಿಕ್ಕಿಯ ಬಾಗಿಲು ತೆರೆದರೆ ದೀಪವನ್ನು ಹಿಡಿದಿರುವ ಎರಡು ಬೋಲ್ಟ್‌ಗಳು ಕಾಣುತ್ತವೆ. ಅವನ್ನು ಬಿಚ್ಚಿ, ದೀಪವನ್ನು ನೇರವಾಗಿ ಹಿಂದಕ್ಕೆ ಎಳೆದು, ಬಲ್ಬಿನ ಹೋಲ್ಡರ್‌ಗಳನ್ನು ತಿರುಗಿಸಿ ಹೊರತೆಗೆಯಬೇಕು. ವೈರನ್ನು ಹಿಡಿದು ಎಳೆಯಬೇಡಿ.

ಉಜ್ಜಲು 1000, 1500 ಮತ್ತು 2000 ನಂಬರಿನ ವಾಟರ್ ಪೇಪರ್‌ಗಳು ಬೇಕು. ಶಾಂಪೂ ಹನಿಸಿದ ನೀರಿನಲ್ಲಿ ಪೇಪರನ್ನು ನೆನೆಸಿ, ದೀಪದ ಮೇಲೂ ನೀರು ಹರಿಯುತ್ತಿರುವಂತೆ ನೋಡಿಕೊಂಡು, 1000 ನಂಬರಿನಿಂದ ಹಗುರವಾಗಿ ಆರಂಭಿಸಿ. ಹರಿಯುವ ನೀರಿನ ಬಣ್ಣವನ್ನು ಗಮನಿಸುತ್ತಿರಿ, ಕೆಲಸದ ಅಳತೆಗೋಲು ಅದೇ. ನೀರು ಕಪ್ಪಾಗಿರುವವರೆಗೆ ಹೋಗುತ್ತಿರುವುದು ಸ್ಪ್ರೇ, ಬೆಳ್ಳಗೆ ಹಾಲಿನಂತಿದ್ದರೆ ಕ್ಲಿಯರ್ ಕೋಟ್ ಅಥವಾ ದೀಪದ ಬಿಳಿ ಭಾಗ, ತಿಳಿಗೆಂಪಿಗೆ ತಿರುಗಿತೆಂದರೆ ನೀವು ದೀಪದ ಕೆಂಪು ಪ್ಲಾಸ್ಟಿಕ್ಕನ್ನೇ ಮುಟ್ಟಿದ್ದೀರಿ, ಆ ಜಾಗದಲ್ಲಿ ನಿಲ್ಲಿಸಿ. ಇಷ್ಟಾದಾಗ ದೀಪ ಪೂರ್ತಿ ಮಸುಕಾಗಿ ಕಾಣುತ್ತದೆ, ಗಾಬರಿಯಾಗಬೇಡಿ. 1500, ಆಮೇಲೆ 2000 ನಂಬರಿನಿಂದ ಉಜ್ಜಿ, ಒರೆಸಿ ಒಣಗಿಸಿ, ಪೇಂಟ್ ಅಂಗಡಿಯಲ್ಲಿ ಸಿಗುವ ರಬ್ಬಿಂಗ್ ಕಾಂಪೌಂಡನ್ನು ಹತ್ತಿ ಬಟ್ಟೆಯಿಂದ ತಿಕ್ಕಿದರೆ ಹೊಳಪು ಮರಳುತ್ತದೆ. ಡ್ರಿಲ್ಲಿಗೆ ಬಫ್ (ಹೊಳಪು ತಿಕ್ಕುವ ಮೆತ್ತೆ) ಸಿಕ್ಕಿಸಿ ಜೋರಾಗಿ ಓಡಿಸುವವರಿದ್ದಾರೆ. ಒಂದೇ ಕಡೆ ಹಿಡಿದರೆ ಬಿಸಿಗೆ ಅಕ್ರಿಲಿಕ್ ಕರಗಿ ಮುದುಡುತ್ತದೆ, ಆದ್ದರಿಂದ ಕೈಯಲ್ಲೇ ಮಾಡಿ. ರಿಫ್ಲೆಕ್ಟರ್‌ನ ಮುಖಗಳು ಹೊದಿಕೆಯ ಒಳಮೈಯಲ್ಲಿರುವುದರಿಂದ ಹೊರಗೆ ಉಜ್ಜಿದರೆ ಅವಕ್ಕೆ ಹಾನಿಯಿಲ್ಲ.

ಮರಳಿ ಕೂರಿಸುವಾಗ ದೀಪದ ಹಿಂದಿನ ಗ್ಯಾಸ್ಕೆಟ್ (ನೀರು ತಡೆಯುವ ಪಟ್ಟಿ) ಹರಿದಿಲ್ಲವೆಂದು ನೋಡಿಕೊಳ್ಳಿ, ಇಲ್ಲವಾದರೆ ಮೊದಲ ಮಳೆಗೇ ಡಿಕ್ಕಿಯೊಳಗೆ ನೀರು ಇಳಿಯುತ್ತದೆ. ಹೊದಿಕೆ ಒಡೆದಿದ್ದರೆ ಅಥವಾ ಆಗಲೇ ಬಿರುಕುಗಳಿಂದ ತುಂಬಿದ್ದರೆ ಮಾತ್ರ ಹೊಸ ದೀಪದ ಖರ್ಚಿಗೆ ಕೈಹಾಕಿ.

ಪ್ರಶ್ನೆ: ಫಿಲ್ಮ್ ಹಚ್ಚಿ, ಕಡಿಮೆಯಾದ ಬೆಳಕನ್ನು ಸರಿದೂಗಿಸಲು ಹೆಚ್ಚು ವ್ಯಾಟಿನ ಬಲ್ಬ್ ಅಥವಾ ಬಿಳಿ ಎಲ್‌ಇಡಿ ಹಾಕಿದರೆ ಸಾಲದೇ?
– ಓದುಗರು, ಮಡಿಕೇರಿ

ಉತ್ತರ: ಮಂಜು ಕವಿಯುವ ಊರಿನವರಾದ ನೀವು ಬೆಳಕಿನ ಬಗ್ಗೆ ಯೋಚಿಸಿದ್ದು ಸಂತೋಷ, ಆದರೆ ಈ ಉಪಾಯ ಫಲಿಸುವುದಿಲ್ಲ. ಬಲ್ಬ್ ಎಷ್ಟೇ ಪ್ರಬಲವಾದರೂ ರಿಫ್ಲೆಕ್ಟರ್‌ಗೆ ಅದರಿಂದ ಉಪಯೋಗವಿಲ್ಲ, ಅದು ಕೆಲಸ ಮಾಡುವುದು ಹಿಂದಿನ ವಾಹನದ ಬೆಳಕಿನಿಂದ.

ಸಾಮಾನ್ಯ ಹಿಂಬದಿ ಬಲ್ಬಿನಲ್ಲಿ 5 ವ್ಯಾಟ್ ಮತ್ತು 21 ವ್ಯಾಟಿನ ಎರಡು ತಂತುಗಳಿರುತ್ತವೆ. 5 ವ್ಯಾಟಿನದು ರಾತ್ರಿಯಿಡೀ ಉರಿಯುತ್ತದೆ, 21 ವ್ಯಾಟಿನದು ಬ್ರೇಕ್ ಒತ್ತಿದಾಗ ಸೇರಿಕೊಳ್ಳುತ್ತದೆ. ಹೋಲ್ಡರ್, ವೈರು, ಹೊದಿಕೆ ಎಲ್ಲವೂ ಆ ಶಾಖಕ್ಕೆ ತಕ್ಕಂತೆ ಮಾಡಿದವು. ಅದಕ್ಕಿಂತ ಹೆಚ್ಚಿನ ಬಲ್ಬ್ ಹಾಕಿ, ಮೇಲೆ ಬೆಳಕನ್ನೂ ಶಾಖವನ್ನೂ ಹೀರುವ ಕಪ್ಪು ಪದರವನ್ನು ಹೊದಿಸಿದರೆ, ಟ್ರಾಫಿಕ್ಕಿನಲ್ಲಿ ಬ್ರೇಕ್ ಒತ್ತಿ ನಿಂತಾಗ ಹೋಲ್ಡರ್ ಕರಗುವ, ಹೊದಿಕೆ ಸೊಟ್ಟಗಾಗುವ ಸಂಭವವಿದೆ.

ಬಿಳಿ ಎಲ್‌ಇಡಿಯ ತೊಂದರೆ ಬೇರೆ ಬಗೆಯದು. ಅದರ ಬೆಳಕು ನೀಲಿ ಬೆಳಕು ಸೂಸುವ ಚಿಪ್ ಮೇಲೆ ಹಳದಿ ರಾಸಾಯನಿಕವನ್ನು ಲೇಪಿಸಿ ಪಡೆದದ್ದು, ಅದರಲ್ಲಿ ಕೆಂಪಿನ ಅಂಶ ಕಡಿಮೆ. ಕೆಂಪು ಹೊದಿಕೆ ಉಳಿದ ಬಣ್ಣಗಳನ್ನೆಲ್ಲ ತಡೆಯುವುದರಿಂದ, ಕೈಯಲ್ಲಿ ಹಿಡಿದಾಗ ಕಣ್ಣು ಕುಕ್ಕುವ ಎಲ್‌ಇಡಿ ದೀಪದೊಳಗೆ ಸೇರಿದ ಮೇಲೆ ಮಂಕಾಗಿ ಕಾಣುತ್ತದೆ. ಒಳಗಿನ ಪ್ರತಿಫಲಕವೂ ತಂತುವಿನಿಂದ ಸುತ್ತಲೂ ಹರಡುವ ಬೆಳಕಿಗೆ ಹೊಂದುವಂತೆ ರೂಪಿಸಿದ್ದು. ಎಲ್‌ಇಡಿ ಹಾಕಿದಾಗ ನಡುವೆ ಒಂದು ಚುಕ್ಕೆ ಹೊಳೆದು ಅಂಚುಗಳು ಕತ್ತಲಾಗಿ ಉಳಿಯಬಹುದು. ಇಂಡಿಕೇಟರ್‌ಗೆ ಹಾಕಿದರೆ, ಅದು ಎಳೆಯುವ ವಿದ್ಯುತ್ ಕಡಿಮೆಯಾದ್ದರಿಂದ ಬಲ್ಬ್ ಸುಟ್ಟಿದೆಯೆಂದು ಕಾರು ತಿಳಿದು, ಇಂಡಿಕೇಟರ್ ವಿಪರೀತ ವೇಗವಾಗಿ ಮಿನುಗತೊಡಗುತ್ತದೆ. ಇದೂ ಮಾರ್ಪಾಡೇ ಆದ್ದರಿಂದ ಒಂದು ತಪ್ಪಿಗೆ ಇನ್ನೊಂದನ್ನು ಸೇರಿಸಿದಂತಾಗುತ್ತದೆ. ಕೊಡಗಿನ ಮಳೆಗಾಲಕ್ಕೆ ನನ್ನ ಸಲಹೆ ಇಷ್ಟೇ: ಹಳೆಯ ಬಲ್ಬಿನ ಗಾಜಿನ ಒಳಗೆ ಕಪ್ಪು ಮಸಿ ಹಿಡಿದಿದ್ದರೆ ಅದೇ ವ್ಯಾಟಿನ ಹೊಸ ಬಲ್ಬ್ ಹಾಕಿ, ಘಾಟಿ ಹತ್ತುವ ಮುನ್ನ ದೀಪದ ಮೇಲಿನ ಕೆಸರನ್ನು ಒರೆಸಿ.

ಪ್ರಶ್ನೆ: ದೀಪಕ್ಕೆ ಕಪ್ಪು ಬೇಡವೆಂದು ಒಪ್ಪಿದೆ. ಆದರೆ ಕಡಿಮೆ ಖರ್ಚಿನಲ್ಲಿ ಕಾರಿನ ಹಿಂಭಾಗ ಚೆಂದ ಕಾಣಬೇಕಲ್ಲ? ಏನು ಮಾಡಬಹುದು?
– ಓದುಗರು, ಶಿವಮೊಗ್ಗ

ಉತ್ತರ: ಬಹಳಷ್ಟು ಮಾಡಬಹುದು. ಹಿಂಭಾಗ ಹಳೆಯದಾಗಿ ಕಾಣಲು ಹೆಚ್ಚಿನ ಸಲ ಕಾರಣವಾಗುವುದು ದೀಪದ ಬಣ್ಣವಲ್ಲ, ಒಣ ಬಟ್ಟೆಯಿಂದ ಧೂಳು ಒರೆಸಿ ಒರೆಸಿ ಬಿದ್ದ ಸಣ್ಣ ಗೀರುಗಳು. ಮೇಲೆ ಹೇಳಿದ 2000 ನಂಬರಿನ ಪೇಪರ್ ಮತ್ತು ಕಾಂಪೌಂಡಿನಿಂದ ಅವನ್ನು ತೆಗೆದು ಮೇಣ ಹಚ್ಚಿದರೆ ಕೆಂಪಿಗೆ ಮತ್ತೆ ಆಳ ಬರುತ್ತದೆ. ಕಪ್ಪು ಛಾಯೆಯನ್ನು ಇಷ್ಟಪಡುವವರು ಅದನ್ನು ದೀಪದ ಬದಲು ದೀಪದ ಸುತ್ತ ತರಬಹುದು. ಎರಡು ದೀಪಗಳ ನಡುವಿನ ಕ್ರೋಮ್ ಪಟ್ಟಿ, ಡಿಕ್ಕಿಯ ಹಿಡಿಕೆಯ ಸುತ್ತಲಿನ ಅಂಚು, ಬಂಪರ್‌ನ ಕೆಳಭಾಗ ಇವುಗಳಿಗೆ ಹೊಳೆಯುವ ಕಪ್ಪು ವಿನೈಲ್ (ಸ್ಟಿಕ್ಕರ್ ಹಾಳೆ) ಅಂಟಿಸಿದಾಗ ನಡುವಿನ ಕೆಂಪು ದೀಪ ಇನ್ನಷ್ಟು ಎದ್ದು ಕಾಣುತ್ತದೆ. ನನ್ನ ಕಣ್ಣಿಗೆ ಇದು ಮಸಿ ಬಳಿದ ದೀಪಕ್ಕಿಂತ ಎಷ್ಟೋ ಸೊಗಸು. ನಂಬರ್ ಪ್ಲೇಟ್, ಅದರ ಮೇಲಿನ ಪುಟ್ಟ ಬಿಳಿ ದೀಪ ಮತ್ತು ರಿಫ್ಲೆಕ್ಟರ್‌ಗಳನ್ನು ಮಾತ್ರ ಮುಟ್ಟಬೇಡಿ. ಸ್ಟಿಕ್ಕರ್ ಅಂಗಡಿಗಳಲ್ಲಿ ದೊಡ್ಡ ಕೆಲಸಗಳಿಂದ ಉಳಿದ ತುಂಡುಗಳು ಕಡಿಮೆ ಬೆಲೆಗೆ ಸಿಗುತ್ತವೆ, ಇಂಥ ಸಣ್ಣ ಭಾಗಗಳಿಗೆ ಅವು ಧಾರಾಳವಾಗಿ ಸಾಕು.

ಅಂಟಿಸುವ ಕೆಲಸವನ್ನು ಬಿಸಿಲಿಲ್ಲದ, ಗಾಳಿಯಿಲ್ಲದ ಜಾಗದಲ್ಲಿ ಮಾಡಿ. ಜಾಗವನ್ನು ಶಾಂಪೂ ನೀರಿನಿಂದ ತೊಳೆದು ಪೂರ್ತಿ ಒಣಗಿಸಿ. ವಿನೈಲನ್ನು ಬೇಕಾದ್ದಕ್ಕಿಂತ ಎರಡು ಬೆರಳು ಹೆಚ್ಚಾಗಿಯೇ ಕತ್ತರಿಸಿಕೊಂಡು, ನಡುವಿನಿಂದ ಅಂಚಿನ ಕಡೆಗೆ, ಬಟ್ಟೆ ಸುತ್ತಿದ ಹಳೆಯ ಎಟಿಎಂ ಕಾರ್ಡಿನಿಂದ ಒತ್ತುತ್ತ ಬನ್ನಿ. ಬಾಗಿದ ಕಡೆ ಹೇರ್ ಡ್ರೈಯರ್ ಬಿಸಿ ತಾಗಿಸಿದರೆ ವಿನೈಲ್ ಮೆತ್ತಗಾಗಿ ಕೂರುತ್ತದೆ, ಆದರೆ ಹೆಚ್ಚು ಎಳೆದರೆ ಮುಂದೆ ಅದು ಕುಗ್ಗಿ ಅಂಚು ಬಿಡುತ್ತದೆ. ಬ್ಲೇಡಿನ ತುದಿ ಕಾರಿನ ಪೇಂಟ್ ಮುಟ್ಟದಂತೆ, ಅಂಚನ್ನು ಒಳಕ್ಕೆ ಮಡಿಚಿ ಹಿಂಬದಿಯಲ್ಲಿ ಕತ್ತರಿಸುವುದು ಕ್ಷೇಮ.

ಪ್ರಶ್ನೆ: ನಾನು ಒಬ್ಬಳೇ ಇರುವುದು. ಬ್ರೇಕ್ ಒತ್ತಿ ಹಿಂದೆ ನಿಂತು ನೋಡಲು ಇನ್ನೊಬ್ಬರಿಲ್ಲ. ಹಿಂಬದಿ ದೀಪಗಳು ಸರಿಯಾಗಿವೆಯೇ ಎಂದು ನಾನೇ ಪರೀಕ್ಷಿಸುವುದು ಹೇಗೆ?
– ಶಿಕ್ಷಕಿ, ಕಲಬುರಗಿ

ಉತ್ತರ: ರಾತ್ರಿ ಕಾರನ್ನು ರಿವರ್ಸಿನಲ್ಲಿ ಗೋಡೆಯ ಸಮೀಪಕ್ಕೆ ತಂದು ನಿಲ್ಲಿಸಿ, ಬ್ರೇಕ್ ಒತ್ತಿ ಕನ್ನಡಿಯಲ್ಲಿ ನೋಡಿ. ಗೋಡೆಯ ಮೇಲೆ ಎರಡೂ ಬದಿಯ ಕೆಂಪು ಸಮನಾಗಿ ಹೆಚ್ಚಬೇಕು. ಹಗಲಿನ ಪರೀಕ್ಷೆಗೆ, ಸಮತಟ್ಟಾದ ಖಾಲಿ ಮೈದಾನದಲ್ಲಿ ಎಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಪೆಡಲಿಗೂ ಸೀಟಿಗೂ ನಡುವೆ ಅಳತೆಗೆ ಸರಿಯಾದ ಕೋಲೊಂದನ್ನು ಕೊಟ್ಟು ಪೆಡಲ್ ಒತ್ತಿರುವಂತೆ ಮಾಡಿ, ಇಳಿದು ಹಿಂದಕ್ಕೆ ನಡೆಯಿರಿ. ನಡುಮಧ್ಯಾಹ್ನದ ಬಿಸಿಲಿನಲ್ಲೂ 50 ಹೆಜ್ಜೆ ದೂರದಿಂದ ಬ್ರೇಕ್ ದೀಪ ಹೊತ್ತಿರುವುದು ಒಂದೇ ನೋಟಕ್ಕೆ ತಿಳಿಯಬೇಕು. ಕತ್ತಲಾದ ಮೇಲೆ ಪಾರ್ಕಿಂಗ್ ದೀಪ ಹಾಕಿ 200ರಿಂದ 250 ಹೆಜ್ಜೆ ನಡೆದರೆ ನಿಯಮ ಹೇಳುವ 155 ಮೀಟರ್‌ನ ಆಸುಪಾಸಿನಲ್ಲಿರುತ್ತೀರಿ. ಅಲ್ಲಿಂದ ತಿರುಗಿ ನೋಡಿದಾಗ ಎರಡೂ ದೀಪಗಳು ಸಲೀಸಾಗಿ ಕಾಣಬೇಕು. ಪಾರ್ಕಿಂಗ್ ದೀಪ ಆರಿಸಿ, ಹತ್ತಾರು ಹೆಜ್ಜೆ ಹಿಂದೆ ನಿಂತು, ಟಾರ್ಚನ್ನು ಕಣ್ಣಿನ ಪಕ್ಕದಲ್ಲಿ ಹಿಡಿದು ಬಿಟ್ಟರೆ ರಿಫ್ಲೆಕ್ಟರ್ ಕೂಡ ಪರೀಕ್ಷೆಯಾದಂತೆ.

ಬ್ರೇಕ್ ಒತ್ತಿದಾಗ ಒಂದು ಬದಿಯ ಕೆಂಪು ದೀಪ ಹೆಚ್ಚುವ ಬದಲು ಮಂಕಾದರೆ, ಅಥವಾ ಇಂಡಿಕೇಟರ್ ಜತೆಗೆ ಬ್ರೇಕ್ ದೀಪವೂ ಮಿಣುಕಿದರೆ, ಬಲ್ಬನ್ನು ದೂರಬೇಡಿ. ಆ ಬದಿಯ ಅರ್ಥ್ ವೈರ್ ಕಾರಿನ ಮೈಗೆ ಸೇರುವ ಸ್ಕ್ರೂ ತುಕ್ಕು ಹಿಡಿದಿರುವ ಸಾಧ್ಯತೆ ಹೆಚ್ಚು. ಯಾವುದೇ ಎಲೆಕ್ಟ್ರಿಷಿಯನ್ ಅದನ್ನು ಬಿಚ್ಚಿ, ಪೇಪರ್‌ನಿಂದ ಉಜ್ಜಿ ಬಿಗಿ ಮಾಡಿಕೊಡುತ್ತಾರೆ.